ಹೊರದೇಶದಲ್ಲಿ ಕಡಿಮೆ ದುಡ್ಡಿಗೆ ನಿಜವಾದ ತೈವಾನ್ ಊಟ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತೈವಾನಿನ ಶಿನ್‌ಚೂ ನಗರದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಅಲ್ಲಿ ಜೊತೆಗಿದ್ದ ಕನ್ನಡದ ಗೆಳೆಯರು ಈಗ ಬೇರೆ ಬೇರೆ ದೇಶದಲ್ಲಿದ್ದಾರೆ. ಅವರೆಲ್ಲ ಫೋನ್ ಮಾಡಿ ಹೇಳುವುದು ಒಂದೇ ಮಾತು: "ತೈವಾನ್ ಊಟ ಅಂತ ಹೋದ್ರೆ ರುಚಿನೂ ಇಲ್ಲ, ಬಿಲ್ಲೂ ಜಾಸ್ತಿ." ಎಡವುವ ಜಾಗವೂ ಒಂದೇ. ಮ್ಯಾಪಿನಲ್ಲಿ "ತೈವಾನೀಸ್ ರೆಸ್ಟೋರೆಂಟ್" ಅಂತ ಹುಡುಕುತ್ತಾರೆ. ಸ್ಟಾರ್ ಜಾಸ್ತಿ ಇರುವ ಕಡೆ, ಶನಿವಾರ ರಾತ್ರಿ, ಆರು ಜನ ಸೇರಿ ಹೋಗುತ್ತಾರೆ. ಹುಡುಕಿದ ಪದದಿಂದ ಹೋದ ಹೊತ್ತಿನವರೆಗೆ ಎಲ್ಲವೂ ತಪ್ಪು.

ತೈವಾನಿನ ಅಗ್ಗದ ಊಟ ಅಂದರೆ ಬೆಳಗಿನ ತಿಂಡಿ ಅಂಗಡಿ, ರಾತ್ರಿ ಸಂತೆಯ ಗಾಡಿ, ಡಬ್ಬಿ ಊಟದ ಕೌಂಟರ್. ಒಂದೊಂದು ಅಂಗಡಿಗೆ ಒಂದೆರಡು ಐಟಂ ಮಾತ್ರ ಕೈಹಿಡಿದಿರುತ್ತದೆ. ಬೆಂಗಳೂರಿಗೆ ಬಂದವರು "ಒಳ್ಳೆ ಊಟ ಎಲ್ಲಿ ಸಿಗುತ್ತೆ?" ಅಂದರೆ ನಾವು ಏನು ಕೇಳುತ್ತೇವೆ? ದೋಸೆಯಾ, ತಟ್ಟೆ ಇಡ್ಲಿಯಾ, ದೊನ್ನೆ ಬಿರಿಯಾನಿಯಾ ಅಂತ ತಾನೆ? ಇಲ್ಲಿಯೂ ಹಾಗೇ. ಹೋಟೆಲ್ ಹುಡುಕಬೇಡಿ, ತಿನಿಸು ಹುಡುಕಿ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಮತ್ತೆ ಅದೇ ದುಬಾರಿ ಹೋಟೆಲಿಗೆ ಹೋಗಿ ಕೂರುತ್ತೀರಿ.

ಶುರು ಮಾಡುವ ಮುಂಚೆ ಬೇಕಾದದ್ದು

ಮ್ಯಾಪ್ ಮತ್ತು ಕ್ಯಾಮೆರಾದಿಂದ ಅನುವಾದ ಮಾಡುವ ಆ್ಯಪ್ ಇರುವ ಫೋನ್. ಅದರ ನೋಟ್ಸ್‌ನಲ್ಲಿ ಒಂದು ಖಾಲಿ ಪುಟ. ಸ್ವಲ್ಪ ನಗದು ದುಡ್ಡು, ಯಾಕೆಂದರೆ ಸಣ್ಣ ಅಂಗಡಿಗಳಲ್ಲಿ ಇವತ್ತಿಗೂ ಕಾರ್ಡ್ ನಡೆಯದೆ ಇರಬಹುದು. ಉಳಿದದ್ದನ್ನು ತರಲು ಮುಚ್ಚಳ ಗಟ್ಟಿಯಾಗಿರುವ ಒಂದು ಡಬ್ಬಿ. ಇಷ್ಟೇ ಸಾಕು.

ಹಂತ 1: ಏನು ತಿನ್ನಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಐದಾರು ತಿನಿಸಿನ ಹೆಸರು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ನನ್ನ ಪಟ್ಟಿ ಇದು.

ಲೂ ರೋ ಫಾನ್: ಕೊಬ್ಬು, ಚರ್ಮ ಸಮೇತ ಸಣ್ಣಗೆ ಹೆಚ್ಚಿದ ಹಂದಿಮಾಂಸವನ್ನು ಸೋಯಾ ಸಾಸ್ ಮತ್ತು ಕರಿದ ಸಣ್ಣ ಈರುಳ್ಳಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಬಿಸಿ ಅನ್ನದ ಮೇಲೆ ಹಾಕಿದ್ದು. ನ್ಯೂ ರೋ ಮ್ಯೆನ್: ದನದ ಮಾಂಸದ ನೂಡಲ್ ಸೂಪ್. ಯೆನ್ ಸೂ ಜಿ: ಗೆಣಸಿನ ಹಿಟ್ಟಿನಲ್ಲಿ ಹೊರಳಿಸಿ ಕರಿದ ಕೋಳಿ ತುಂಡು. ಓ ಆ ಜ್ಯೆನ್: ಸಣ್ಣ ಆಯ್ಸ್ಟರ್ ಹಾಕಿದ ಆಮ್ಲೆಟ್. ಬ್ಯೆನ್ ದಾಂಗ್: ಡಬ್ಬಿ ಊಟ. ಬೆಳಗಿನ ತಿಂಡಿಗೆ ದೋ ಜ್ಯಾಂಗ್, ಅಂದರೆ ಸೋಯಾ ಹಾಲು, ಮತ್ತು ದಾನ್ ಬಿಂಗ್, ಅಂದರೆ ತೆಳು ರೊಟ್ಟಿಗೆ ಮೊಟ್ಟೆ ಅಂಟಿಸಿ ಸುತ್ತಿದ್ದು. ಸಿಹಿಗೆ ದೋ ಹ್ವಾ, ಬೆಲ್ಲದ ಪಾಕದ ತರಹದ ಸಿಹಿನೀರಿನಲ್ಲಿ ತೇಲುವ ಮೆತ್ತನೆಯ ತೋಫು.

ಈಗ ಈ ಹೆಸರುಗಳನ್ನು ಚೀನೀ ಲಿಪಿಯಲ್ಲಿ ನೋಟ್ಸ್‌ಗೆ ಹಾಕಿಕೊಳ್ಳಿ. ಇಲ್ಲೇ ತುಂಬ ಜನ ತಪ್ಪು ಮಾಡುವುದು. ಇಂಗ್ಲಿಷ್ ಹೆಸರನ್ನು ಅನುವಾದದ ಆ್ಯಪಿಗೆ ಹಾಕಿದರೆ ಅದು ಪದಪದ ಜೋಡಿಸಿ ಯಾರೂ ಬಳಸದ ಹೆಸರು ಕೊಟ್ಟುಬಿಡಬಹುದು. ಅದರ ಬದಲು ವಿಕಿಪೀಡಿಯಾದಲ್ಲಿ ಆ ತಿನಿಸಿನ ಇಂಗ್ಲಿಷ್ ಪುಟ ತೆರೆಯಿರಿ. ಭಾಷೆಗಳ ಪಟ್ಟಿಯಿಂದ ಚೀನೀ ಪುಟಕ್ಕೆ ಹೋಗಿ, ತಲೆಬರಹವನ್ನು ಕಾಪಿ ಮಾಡಿಕೊಳ್ಳಿ. ಅಲ್ಲಿ ಲಿಪಿ ಆರಿಸುವ ಅವಕಾಶವಿದೆ, ತೈವಾನ್ ಎನ್ನುವುದನ್ನೇ ಆರಿಸಿ. ತೈವಾನಿನವರು ಬರೆಯುವುದು ಹಳೆಯ, ಗೆರೆ ಜಾಸ್ತಿ ಇರುವ ಲಿಪಿ. ಚೀನಾದಲ್ಲಿ ಬಳಸುವುದು ಸರಳ ಮಾಡಿದ ಲಿಪಿ. ಕಾಪಿ ಮಾಡಿದ ಪದವನ್ನು ಒಮ್ಮೆ ಚಿತ್ರ ಹುಡುಕಾಟಕ್ಕೆ ಹಾಕಿ ನೋಡಿ. ಲೂ ರೋ ಫಾನ್‌ಗೆ ಸಣ್ಣ ಬಟ್ಟಲು, ಕಂದು ಬಣ್ಣದ ಮಾಂಸ, ಬಿಳಿ ಅನ್ನ ಕಂಡರೆ ಪದ ಸರಿ ಇದೆ.

ಹಂತ 2: ಅಂಗಡಿ ಬಿಟ್ಟು ಏರಿಯಾ ಹುಡುಕಿ

ತೈವಾನಿನ ಕುಟುಂಬಗಳು ವಾಸ ಇರುವ ಕಡೆ ಮಾತ್ರ ಅಗ್ಗದ ಅಂಗಡಿ ಉಳಿಯುತ್ತದೆ. ದಿನಾ ಬಂದು ತಿನ್ನುವವರಿಗೆ ಬೆಲೆ ಏರಿಸಲು ಆಗುವುದಿಲ್ಲ, ರುಚಿ ಕೆಡಿಸಲೂ ಆಗುವುದಿಲ್ಲ.

ಹಳೆಯ ಚೈನಾಟೌನಿಗೆ ಹೋಗಬೇಡಿ. ಅಮೆರಿಕದ ಹಳೆಯ ಚೈನಾಟೌನ್‌ಗಳನ್ನು ಕಟ್ಟಿದವರು ಬಹುಪಾಲು ದಕ್ಷಿಣ ಚೀನಾದ ಕ್ಯಾಂಟನೀಸ್ ಜನ. ತೈವಾನಿನವರು ಬಂದದ್ದು ಆಮೇಲೆ, ನೆಲೆಸಿದ್ದು ಊರ ಹೊರವಲಯಗಳಲ್ಲಿ. ಲಾಸ್ ಏಂಜಲೀಸ್ ಕಡೆ ಮಾಂಟೆರೆ ಪಾರ್ಕ್‌ಗೆ 1980ರ ದಶಕದಲ್ಲಿ "ಲಿಟಲ್ ತೈಪೇ" ಎಂಬ ಹೆಸರೇ ಬಿದ್ದಿತ್ತು. ಈಗ ರೋಲೆಂಡ್ ಹೈಟ್ಸ್, ಹಸಿಯೆಂಡ ಹೈಟ್ಸ್, ಸ್ಯಾನ್ ಗೇಬ್ರಿಯಲ್ ಕಡೆ ನೋಡಿ. ನಮ್ಮವರು ತುಂಬಿರುವ ಬೇ ಏರಿಯಾದಲ್ಲಿ ಕೂಪರ್ಟಿನೋ, ಮಿಲ್ಪಿಟಾಸ್, ಫ್ರೀಮಾಂಟ್. ನ್ಯೂಯಾರ್ಕಿನಲ್ಲಿ ಫ್ಲಶಿಂಗ್, ಹ್ಯೂಸ್ಟನ್‌ನಲ್ಲಿ ಬೆಲೇರ್ ರಸ್ತೆ, ವ್ಯಾಂಕೂವರ್ ಪಕ್ಕದ ರಿಚ್ಮಂಡ್, ಬ್ರಿಸ್ಬೇನಿನ ಸನ್ನಿಬ್ಯಾಂಕ್. ಕೂಪರ್ಟಿನೋದಲ್ಲಿ ಇದ್ದುಕೊಂಡು ತೈವಾನ್ ಊಟಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಚೈನಾಟೌನಿಗೆ ಒಂದು ಗಂಟೆ ಕಾರು ಓಡಿಸಿದವರನ್ನು ನಾನು ಬಲ್ಲೆ. ಅವರ ಮನೆಯಿಂದ ಐದು ನಿಮಿಷಕ್ಕೆ ಮೂರು ಒಳ್ಳೆಯ ಅಂಗಡಿಗಳಿದ್ದವು.

ಏರಿಯಾ ಗುರುತು ಹಿಡಿಯಲು ಸುಲಭದ ದಾರಿ ಸೂಪರ್‌ಮಾರ್ಕೆಟ್. ಅಮೆರಿಕದಲ್ಲಿ 99 ರಾಂಚ್ ಮಾರ್ಕೆಟ್ ಇದೆ. ತೈವಾನಿನಿಂದ ಬಂದ ರೋಜರ್ ಚೆನ್ ಅವರು 1984ರಲ್ಲಿ ಶುರು ಮಾಡಿದ್ದು. ಕೆನಡಾದಲ್ಲಿ ಟಿ ಆ್ಯಂಡ್ ಟಿ ಇದೆ, 1993ರಲ್ಲಿ ಅದನ್ನು ಶುರು ಮಾಡಿದ ಸಿಂಡಿ ಲೀ ಅವರೂ ತೈವಾನ್ ಮೂಲದವರೇ. ಇಂಥ ಮಾರ್ಕೆಟ್ ಇರುವ ಕಾಂಪ್ಲೆಕ್ಸಿನ ಸುತ್ತ ಒಮ್ಮೆ ನಡೆದಾಡಿ. ರಸ್ತೆಗೆ ಮುಖ ಮಾಡಿದ ದೊಡ್ಡ ಹೋಟೆಲ್ ಬಿಡಿ. ಹಿಂಭಾಗದ ಪಾರ್ಕಿಂಗ್ ಕಡೆ ಬಾಗಿಲಿರುವ, ಆರೇಳು ಮೇಜಿನ ಅಂಗಡಿ ನೋಡಿ. ಅಲ್ಲಿ ಬಾಡಿಗೆ ಕಡಿಮೆ, ಬಟ್ಟಲಿನ ಬೆಲೆಯೂ ಕಡಿಮೆ.

ಹಂತ 3: ಮ್ಯಾಪಿನಲ್ಲಿ ಹುಡುಕುವ ಸರಿಯಾದ ವಿಧಾನ

ಮ್ಯಾಪನ್ನು ಆ ಏರಿಯಾಕ್ಕೆ ಹಿಗ್ಗಿಸಿ. ನೋಟ್ಸ್‌ನಲ್ಲಿರುವ ಒಂದೊಂದೇ ಹೆಸರನ್ನು ಚೀನೀ ಲಿಪಿಯಲ್ಲೇ ಹಾಕಿ. ಒಂದೇ ಅಂಗಡಿ ಎರಡು ಮೂರು ಹೆಸರಿಗೆ ಬಂದರೆ ಗುರುತು ಹಾಕಿಕೊಳ್ಳಿ.

ಆಮೇಲೆ ಸ್ಟಾರ್ ನೋಡಬೇಡಿ, ಗಿರಾಕಿಗಳು ಹಾಕಿದ ಫೋಟೋ ನೋಡಿ. ಇಂಥ ಅಂಗಡಿಗಳಿಗೆ ಸ್ಟಾರ್ ಕಡಿಮೆ ಬೀಳುವುದು ಹೆಚ್ಚಾಗಿ "ಮಾತಾಡಿಸುವವರಿಲ್ಲ", "ಜಾಗ ಇಕ್ಕಟ್ಟು", "ಕಾರ್ಡ್ ತಗೊಳ್ಳಲ್ಲ" ಎಂಬ ದೂರುಗಳಿಗೆ. ಊಟದ ಬಗ್ಗೆ ದೂರು ಇದೆಯಾ ಅನ್ನುವುದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಚೀನೀ ಭಾಷೆಯ ಅಭಿಪ್ರಾಯಗಳನ್ನು ಬಿಡಬೇಡಿ. ಅವುಗಳ ಮಧ್ಯೆ ಕ್ಯೂ ಅನ್ನುವ ಒಂದೇ ಒಂದು ಇಂಗ್ಲಿಷ್ ಅಕ್ಷರ ಕಂಡರೆ ನಿಂತು ಓದಿ. ಹಲ್ಲಿಗೆ ರಬ್ಬರಿನ ಹಾಗೆ ಪುಟಿಯುವ ಹದಕ್ಕೆ ತೈವಾನಿನವರು ಹೇಳುವ ಮಾತು ಅದು. ನೂಡಲ್, ಮೀಟ್‌ಬಾಲ್, ಬಬಲ್ ಟೀಯ (ಸಾಬಕ್ಕಿ ತರಹದ ಗೋಲಿ ಹಾಕಿದ ಹಾಲಿನ ಚಹಾ) ಗೋಲಿ ಯಾವುದು ಚೆನ್ನಾಗಿದ್ದರೂ "ಕ್ಯೂ" ಅನ್ನುತ್ತಾರೆ.

ಹಂತ 4: ಹೋಗುವ ಮುಂಚೆ ಮೆನು ಓದಿ

ದುಡ್ಡು ಉಳಿಯುವುದು ಈ ಹಂತದಲ್ಲಿ. ಮೆನುವಿನ ಫೋಟೋಗೆ ಅನುವಾದದ ಕ್ಯಾಮೆರಾ ಹಿಡಿದು ಹತ್ತು ನಿಮಿಷ ಕೊಡಿ.

ಒಳ್ಳೆಯ ಗುರುತುಗಳು ಮೊದಲು. ಅಂಗಡಿ ಹೆಸರಿನಲ್ಲಿ ತೈನಾನ್, ಚಿಯಾಯಿ, ಕೀಲುಂಗ್ ತರಹದ ಊರಿನ ಹೆಸರಿದ್ದರೆ ಒಳ್ಳೆಯದು. ಸ್ಪೆಲಿಂಗ್ ಕೂಡ ಸುಳಿವು ಕೊಡುತ್ತದೆ. "ಶ" ಶಬ್ದಕ್ಕೆ ಎಚ್, ಎಸ್ ಅಂತ ಎರಡು ಅಕ್ಷರ ಜೋಡಿಸಿದ್ದರೆ ಅದು ತೈವಾನಿನ ರೂಢಿ. ಚೀನಾದವರು ಅಲ್ಲಿ ಎಕ್ಸ್ ಬರೆಯುತ್ತಾರೆ. ಆರ್ಡರ್ ಮಾಡಲು ಪೆನ್ಸಿಲಿನಿಂದ ಗುರುತು ಹಾಕುವ ಉದ್ದನೆಯ ಕಾಗದ ಇದ್ದರೆ ಇನ್ನೂ ಒಳ್ಳೆಯದು. ಗಲ್ಲೆಯ ಪಕ್ಕ ಗಾಜಿನ ಫ್ರಿಜ್ಜಿನಲ್ಲಿ ಸಣ್ಣ ತಟ್ಟೆಗಳು ಇರಬೇಕು: ಸೌತೆಕಾಯಿ, ಕಡಲಪಾಚಿ, ಒಣ ತೋಫು, ಕಡಲೆಕಾಯಿ ಬೀಜ. ಡಬ್ಬಿ ಊಟದ ಫೋಟೋದಲ್ಲಿ ಒಂದು ಮಾಂಸದ ತುಂಡು, ಕಂದು ಬಣ್ಣಕ್ಕೆ ತಿರುಗಿದ ಅರ್ಧ ಮೊಟ್ಟೆ, ಎರಡು ಮೂರು ಪಲ್ಯ ಕಾಣಬೇಕು. ಜೊತೆಗೆ ಹುಳಿ ಬಂದ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಇದ್ದರೆ ಆ ಅಡುಗೆಮನೆಯಲ್ಲಿ ತೈವಾನಿನವರು ಇದ್ದಾರೆ ಅಂತಲೇ ನಾನು ನಂಬುತ್ತೇನೆ.

ಬೆಲೆಗೆ ನಾನು ಇಟ್ಟುಕೊಂಡ ಲೆಕ್ಕ ಒಂದೇ. ಸಣ್ಣ ಬಟ್ಟಲು ಲೂ ರೋ ಫಾನ್ ಆ ಊರಿನ ಒಂದು ಲೋಟ ಬಬಲ್ ಟೀ ಬೆಲೆಯ ಆಸುಪಾಸಿನಲ್ಲಿರಬೇಕು. ತೈವಾನಿನಲ್ಲಿ ಸಣ್ಣ ಬಟ್ಟಲಿಗೆ ಸುಮಾರು 30ರಿಂದ 45 ತೈವಾನ್ ಡಾಲರ್ ಅಷ್ಟೇ, ಬಬಲ್ ಟೀ ಅದಕ್ಕಿಂತ ದುಬಾರಿ. ಲೂ ರೋ ಫಾನ್ ದೊಡ್ಡ ತಟ್ಟೆಯಲ್ಲಿ, ಮೇಲೆ ಹೂವಿನ ಅಲಂಕಾರ ಮಾಡಿ, ಮೆನುವಿನ ದುಬಾರಿ ಸಾಲಿನಲ್ಲಿ ಇದ್ದರೆ ಬೇರೆ ಅಂಗಡಿ ನೋಡಿ.

ಇನ್ನು ಎಚ್ಚರಿಕೆಯ ಗುರುತುಗಳು. ಒಂದೇ ಮೆನುವಿನಲ್ಲಿ ಜಪಾನಿನ ಸೂಶಿ, ಥಾಯ್ಲೆಂಡಿನ ಪ್ಯಾಡ್ ಥಾಯ್, ಅಮೆರಿಕದ ಆರೆಂಜ್ ಚಿಕನ್ ಎಲ್ಲ ಇದ್ದರೆ ಬೇಡ. ನೂರೈವತ್ತು ಐಟಂ ಇದ್ದರೆ ಬೇಡ. ಗೋಡೆ ತುಂಬ ಬಬಲ್ ಟೀ ಇದ್ದು ಮೂಲೆಯಲ್ಲಿ ಮಾತ್ರ "ಸ್ನ್ಯಾಕ್ಸ್" ಅಂತ ಇದ್ದರೆ, ಕೋಳಿ ಫ್ರೀಜರ್ ಚೀಲದಿಂದ ಎಣ್ಣೆಗೆ ಬೀಳುವ ಸಾಧ್ಯತೆ ಜಾಸ್ತಿ. ಹಾಗಂತ ಟೀ ಅಂಗಡಿಗಳನ್ನೆಲ್ಲ ಬಿಡಬೇಡಿ. ಮಧ್ಯಾಹ್ನ ಡಬ್ಬಿ ಊಟ ಕೊಡುವ ಹಳೆಯ ಟೀ ಅಂಗಡಿಗಳೂ ಇವೆ, ಕೆಲವು ತುಂಬ ಚೆನ್ನಾಗಿವೆ.

ಹೆಸರು ನೋಡಿ ಮೋಸ ಹೋಗುವ ಮೂರು ಐಟಂ ಹೇಳಿಬಿಡುತ್ತೇನೆ. ಜನರಲ್ ತ್ಸೋ ಚಿಕನ್ ಮಾಡಿದ ಪೆಂಗ್ ಚಾಂಗ್-ಕ್ವೇ ಅವರು ತೈವಾನಿನಲ್ಲಿ ಅಡುಗೆ ಮಾಡುತ್ತಿದ್ದರು ನಿಜ, ಆದರೆ ಅವರು ಚೀನಾದ ಹುನಾನ್ ಪ್ರಾಂತದವರು. ಅಮೆರಿಕದಲ್ಲಿ ಸಿಗುವ ಸಿಹಿ ರೂಪ ತೈವಾನಿನ ಬೀದಿಯಲ್ಲಿ ಸಿಗುವುದಿಲ್ಲ. ಮಂಗೋಲಿಯನ್ ಬಾರ್ಬೆಕ್ಯೂ ಹುಟ್ಟಿದ್ದು ತೈಪೇನಲ್ಲೇ, ಆದರೂ ಅದು ಇದ್ದ ಮಾತ್ರಕ್ಕೆ ತೈವಾನಿನ ಅಂಗಡಿ ಆಗುವುದಿಲ್ಲ. ಜಪಾನಿನಲ್ಲಿರುವವರು "ತೈವಾನ್ ರಾಮೆನ್" ಬೋರ್ಡ್ ನೋಡಿ ಒಳಗೆ ಹೋಗುತ್ತಾರೆ. ಅದು ನಗೋಯಾ ನಗರದಲ್ಲಿ ಹುಟ್ಟಿದ ಖಾರದ ನೂಡಲ್. ನಮ್ಮ ಗೋಬಿ ಮಂಚೂರಿಯನ್ನು ಮಂಚೂರಿಯಾದಲ್ಲಿ ಹುಡುಕಿದ ಹಾಗೆ ಆಗುತ್ತದೆ.

ಹಂತ 5: ಸರಿಯಾದ ಹೊತ್ತಿಗೆ ಹೋಗಿ

ಸೋಯಾ ಹಾಲು, ದಾನ್ ಬಿಂಗ್ ಬೇಕಾದರೆ ಬೆಳಗ್ಗೆಯೇ ಹೋಗಿ. ಹೊರದೇಶದ ಕೆಲವು ಅಂಗಡಿಗಳು ಬೆಳಗಿನ ತಿಂಡಿಯನ್ನು ಶನಿವಾರ, ಭಾನುವಾರ ಮಾತ್ರ ಮಾಡುತ್ತವೆ. ಹತ್ತೂವರೆ ಮೇಲೆ ಹೋದರೆ ಗರಿಗರಿ ಇರುವ ಯೋ ತ್ಯಾವ್, ಅಂದರೆ ಉದ್ದನೆಯ ಕರಿದ ಹಿಟ್ಟಿನ ಕಡ್ಡಿ, ಮೆತ್ತಗಾಗಿರುತ್ತದೆ. ಡಬ್ಬಿ ಊಟಕ್ಕೆ ವಾರದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಹೋಗಿ, ಪಲ್ಯ ಆಗಷ್ಟೇ ಬಾಣಲೆಯಿಂದ ಇಳಿದಿರುತ್ತದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಎಷ್ಟೋ ಅಂಗಡಿ ಬಾಗಿಲು ಹಾಕುತ್ತವೆ. ವಾರದಲ್ಲಿ ಒಂದು ದಿನ ರಜೆಯೂ ಇರುತ್ತದೆ. ಮ್ಯಾಪಿನಲ್ಲಿ ತೋರಿಸುವ ವೇಳೆಯನ್ನು ಪೂರ್ತಿ ನಂಬದೆ, ದೂರ ಇದ್ದರೆ ಫೋನ್ ಮಾಡಿ ಹೋಗಿ.

ಹಂತ 6: ಸ್ವಲ್ಪವೇ ಆರ್ಡರ್ ಮಾಡಿ ಪರೀಕ್ಷೆ ಮಾಡಿ

ಮೊದಲ ಸಲ ಇಬ್ಬರು ಹೋಗಿ, ಸಾಕು. ಒಂದು ಸಣ್ಣ ಬಟ್ಟಲು ಲೂ ರೋ ಫಾನ್, ಒಂದು ಬೇಯಿಸಿದ ಸೊಪ್ಪು, ಆ ಅಂಗಡಿಯ ಹೆಸರುವಾಸಿ ಐಟಂ ಒಂದು. ಇದರಲ್ಲೇ ಎಲ್ಲ ಗೊತ್ತಾಗುತ್ತದೆ. ಹತ್ತು ಐಟಂ ತರಿಸಿಕೊಂಡರೆ ಬಿಲ್ ಏರುತ್ತದೆ, ಯಾವುದರ ರುಚಿಯೂ ನೆನಪಿರುವುದಿಲ್ಲ.

ಲೂ ರೋ ಫಾನ್‌ನಲ್ಲಿ ಮೊದಲು ಅನ್ನ ನೋಡಿ. ಗುಂಡನೆಯ, ಸ್ವಲ್ಪ ಅಂಟುವ ಅಕ್ಕಿಯಾಗಿರಬೇಕು. ಉದ್ದಕ್ಕಿ ಅಲ್ಲ. ಮಾಂಸ ಚಾಕುವಿನಲ್ಲಿ ಹೆಚ್ಚಿದ್ದಾಗಿರಬೇಕು. ತಿಂದ ಮೇಲೆ ತುಟಿ ಒಂದಕ್ಕೊಂದು ಸ್ವಲ್ಪ ಅಂಟಬೇಕು, ಅದು ಚರ್ಮದಿಂದ ಬರುವ ಅಂಟು. ಕರಿದ ಈರುಳ್ಳಿಯ ಘಮ ಮುಂದೆ ಇರಬೇಕು, ಚಕ್ರಮೊಗ್ಗು ಹಿಂದೆ ಇರಬೇಕು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಒಂದು ದೊಡ್ಡ ಹೋಟೆಲಿನಲ್ಲಿ ನನಗೆ ಸಿಕ್ಕಿದ್ದು ಉದ್ದಕ್ಕಿ ಅನ್ನದ ಮೇಲೆ ಸಕ್ಕರೆ ಹಾಕಿದ ಖೀಮಾ. ಫೋಟೋ ಮೊದಲೇ ನೋಡಿದ್ದರೆ ಹೋಗುತ್ತಲೇ ಇರಲಿಲ್ಲ. ಅಕ್ಕಿಯ ಆಕಾರ ಅದರಲ್ಲೇ ಕಾಣುತ್ತಿತ್ತು.

ಯೆನ್ ಸೂ ಜಿ ಆದರೆ ಹೊರಪದರ ತರಿತರಿಯಾಗಿ, ಬಿಳಿ ಮೆಣಸಿನ ಪುಡಿ ಉದುರಿಸಿ, ಜೊತೆಗೆ ಎಣ್ಣೆಯಲ್ಲಿ ಗರಿಗರಿ ಮಾಡಿದ ಸೊಪ್ಪು ಇರಬೇಕು. ಆ ಸೊಪ್ಪು ನಮ್ಮ ಕಾಮಕಸ್ತೂರಿಯ ಜಾತಿಯದು. ಅದಿಲ್ಲದಿದ್ದರೆ ಅದು ಬರೀ ಕರಿದ ಕೋಳಿ. ಓ ಆ ಜ್ಯೆನ್‌ನಲ್ಲಿ ಗೆಣಸಿನ ಹಿಟ್ಟಿನ ಪಾರದರ್ಶಕ ಅಂಟು ಕಾಣಬೇಕು, ಮೇಲೆ ಸಿಹಿಯಾದ ಕೆಂಪು ಸಾಸ್ ಇರಬೇಕು. ಬರೀ ಮೊಟ್ಟೆಯ ಆಮ್ಲೆಟ್ ಬಂದರೆ ಎರಡನೇ ಸಲ ಹೋಗಬೇಡಿ.

ಒಳ್ಳೆಯ ಅಂಗಡಿ ಅನ್ನಿಸಿದರೆ ಮಾತಾಡಿಸಿ. ಮಾಲೀಕರಿಗೆ "ಲಾವ್ ಬಾನ್" ಅನ್ನುತ್ತಾರೆ, ಹೆಂಗಸಾಗಿದ್ದರೆ "ಲಾವ್ ಬಾನ್ ನ್ಯಾಂಗ್". ತೈವಾನಿನ ಯಾವ ಊರು ಅಂತ ಕೇಳಿ. ಶಿನ್‌ಚೂನಲ್ಲಿ ಇದ್ದೆ ಅಂದಾಗ ಒಬ್ಬ ಹಿರಿಯ ಮಾಲಕಿ ನನಗೆ ಮೆನುವಿನಲ್ಲಿ ಇಲ್ಲದ ಮೀಟ್‌ಬಾಲ್ ಸೂಪ್ ತಂದುಕೊಟ್ಟರು. ಆ ಊರು ಅದಕ್ಕೇ ಹೆಸರುವಾಸಿ. "ನೀವು ರಜೆಯಲ್ಲಿ ಎಲ್ಲಿ ತಿಂತೀರಿ?" ಅಂತಲೂ ಕೇಳಿ. ನನಗೆ ಗೊತ್ತಿರುವ ಅರ್ಧ ಅಂಗಡಿಗಳು ಹೀಗೇ ಸಿಕ್ಕಿದ್ದು.

ಸಸ್ಯಾಹಾರಿಗಳು ಇದನ್ನು ಬಿಡದೆ ಓದಿ

ನನ್ನ ಹೆಂಡತಿ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ತೈವಾನಿನಲ್ಲಿ ಅವಳಿಗೆ ಊಟಕ್ಕೆ ತೊಂದರೆ ಆಗಲಿಲ್ಲ. ಹೊರದೇಶದಲ್ಲಿ ಜಾಸ್ತಿ ಎಚ್ಚರ ಬೇಕು.

"ಸೂ" ಅಂದರೆ ಸಸ್ಯಾಹಾರ. "ವೋ ಚ್ರ್ ಸೂ" ಅಂದರೆ ನಾನು ಸಸ್ಯಾಹಾರಿ. ಆದರೆ ಅಷ್ಟೇ ಹೇಳಿ ಸುಮ್ಮನಾಗಬೇಡಿ. ಮೊಟ್ಟೆ, ಅಂದರೆ "ದಾನ್", ಇದೆಯಾ ಅಂತ ಬೇರೆಯಾಗಿ ಕೇಳಿ. ತೈವಾನಿನಿಂದ ಬರುವ ಸಸ್ಯಾಹಾರದ ಪೊಟ್ಟಣಗಳ ಮೇಲೆ ಐದು ವರ್ಗಗಳಲ್ಲಿ ಒಂದನ್ನು ಬರೆದಿರುತ್ತಾರೆ. "ಚ್ವೆನ್ ಸೂ" ಪೂರ್ತಿ ಸಸ್ಯಜನ್ಯ. "ನಾಯ್ ಸೂ" ಹಾಲು ಇರುವುದು. ಈ ಎರಡೂ ನಮಗೆ ಸರಿ. "ದಾನ್ ಸೂ"ನಲ್ಲಿ ಮೊಟ್ಟೆ, "ನಾಯ್ ದಾನ್ ಸೂ"ನಲ್ಲಿ ಹಾಲು ಮೊಟ್ಟೆ ಎರಡೂ ಇರಬಹುದು. ಐದನೆಯದು ಈರುಳ್ಳಿ ಬೆಳ್ಳುಳ್ಳಿ ವರ್ಗ. ಅದು ನಮಗೆ ನಡೆಯುತ್ತದೆ ಅಂತ ಅಂದುಕೊಳ್ಳುತ್ತೇವೆ, ಆದರೆ ಅದರಲ್ಲಿ ಮೊಟ್ಟೆಯೂ ಇರಬಹುದು. ಕ್ಯಾಮೆರಾ ಅನುವಾದದಲ್ಲಿ ಪದಾರ್ಥಗಳ ಪಟ್ಟಿ ಓದಿಕೊಳ್ಳಿ. ಅಂದಹಾಗೆ, ಅಲ್ಲಿನ ಬೌದ್ಧರು ಬಿಡುವ ಐದು ಘಾಟು ಪದಾರ್ಥಗಳಲ್ಲಿ ನಮ್ಮ ಇಂಗೂ ಒಂದು.

ಸಾಮಾನ್ಯ ಅಂಗಡಿಯಲ್ಲಿ ಕಾಣದೆ ಸೇರುವ ಮಾಂಸ ಇವು: ತೋಫು, ಕಡಲಪಾಚಿ ಬೇಯಿಸುವುದು ಮಾಂಸದ ಪಾತ್ರೆಯಲ್ಲೇ. ಬೇಯಿಸಿದ ಸೊಪ್ಪಿನ ಮೇಲೆ ಮಾಂಸದ ಗ್ರೇವಿ ಹಾಕಿಬಿಡುತ್ತಾರೆ. ಕರಿದ ಈರುಳ್ಳಿ ಹಂದಿ ಕೊಬ್ಬಿನಲ್ಲಿ ಕರಿದದ್ದಿರಬಹುದು. ಮೂಲಂಗಿ ಕೇಕಿನಲ್ಲಿ ಮತ್ತು ಖಾರದ ಸೋಯಾ ಹಾಲಿನಲ್ಲಿ ಒಣ ಸೀಗಡಿ ಇರಬಹುದು. ಧೈರ್ಯವಾಗಿ ಶುರು ಮಾಡಬಹುದಾದದ್ದು ಸಿಹಿ ಸೋಯಾ ಹಾಲು ಮತ್ತು ದೋ ಹ್ವಾ.

ಅಗ್ಗದ ಸಸ್ಯಾಹಾರಕ್ಕೆ ಒಳ್ಳೆಯ ಜಾಗ ತೈವಾನ್ ಮೂಲದ ಬೌದ್ಧ ದೇವಸ್ಥಾನ. ಹಸಿಯೆಂಡ ಹೈಟ್ಸ್‌ನಲ್ಲಿ 1988ರಲ್ಲಿ ಕಟ್ಟಿ ಮುಗಿಸಿದ ಶಿ ಲಾಯ್ ದೇವಸ್ಥಾನದಲ್ಲಿ ಊಟದ ಮನೆ ಇದೆ, ಮಧ್ಯಾಹ್ನ ಸಸ್ಯಾಹಾರದ ಬಫೆ ನಡೆಯುತ್ತದೆ. ಅದು ಫೋ ಗುವಾಂಗ್ ಶಾನ್ ಸಂಸ್ಥೆಯದು, ಆ ಸಂಸ್ಥೆಯ ದೇವಸ್ಥಾನಗಳು ಬೇರೆ ದೇಶಗಳಲ್ಲೂ ಇವೆ. ಊಟದ ವೇಳೆ ಮೊದಲೇ ಕೇಳಿಕೊಂಡು ಹೋಗಿ. ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತು ಹದಿನೈದನೇ ದಿನ ತೈವಾನಿನ ಎಷ್ಟೋ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕವೇ. ಆ ದಿನಗಳಲ್ಲಿ ಸಸ್ಯಾಹಾರಿ ಹೋಟೆಲುಗಳು ತುಂಬಿರುತ್ತವೆ, ಬೇಗ ಹೋಗಿ.

ಹಂತ 7: ವರ್ಷಕ್ಕೊಮ್ಮೆ ಬರುವ ಜಾತ್ರೆಗಳನ್ನು ಕ್ಯಾಲೆಂಡರಿಗೆ ಹಾಕಿ

ಮನೆಯ ಅಡುಗೆ ಸಿಗುವುದು ಇಲ್ಲಿ. ದೇವಸ್ಥಾನ, ತೈವಾನೀಸ್ ಚರ್ಚ್, ಕಾಲೇಜಿನ ತೈವಾನ್ ವಿದ್ಯಾರ್ಥಿ ಸಂಘಗಳು ಹಣ ಕೂಡಿಸಲು ತಿಂಡಿ ಮೇಳ, ನೈಟ್ ಮಾರ್ಕೆಟ್ ಮಾಡುತ್ತವೆ. ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್‌ನಲ್ಲಿ ಮೇ ತಿಂಗಳಲ್ಲಿ "ಪಾಸ್‌ಪೋರ್ಟ್ ಟು ತೈವಾನ್" ನಡೆಯುತ್ತದೆ. ವ್ಯಾಂಕೂವರಿನ ತೈವಾನ್ ಫೆಸ್ಟ್ ಸೆಪ್ಟೆಂಬರ್ ಶುರುವಿನ ಲೇಬರ್ ಡೇ ರಜೆಯಲ್ಲಿ. ಕೆಲವು ಕಡೆ ಮೊದಲು ಕೂಪನ್ ಕೊಳ್ಳಬೇಕು. ಒಂದೇ ಸಲ ಜಾಸ್ತಿ ಕೂಪನ್ ಕೊಳ್ಳಬೇಡಿ, ಉಳಿದದ್ದಕ್ಕೆ ದುಡ್ಡು ವಾಪಸ್ ಸಿಗದೆ ಇರಬಹುದು.

ಊರಿನಲ್ಲಿ ಒಂದೂ ಅಂಗಡಿ ಇಲ್ಲದಿದ್ದರೆ

ಏಷ್ಯನ್ ಅಂಗಡಿಯ ಫ್ರೀಜರಿನಲ್ಲಿ ಈರುಳ್ಳಿ ಹೂ ಹಾಕಿದ ಪದರದ ಪರೋಟ ಸಿಗುತ್ತದೆ. ತೈವಾನಿನಲ್ಲಿ ಮಾಡಿದ್ದು ಅಂತ ಹಿಂಭಾಗದಲ್ಲಿ ನೋಡಿ ತಗೊಳ್ಳಿ. ಕರಗಿಸಬೇಡಿ, ಫ್ರೀಜರಿನಿಂದ ನೇರ ಕಾವಲಿಗೆ ಹಾಕಿ. ಎಣ್ಣೆ ಬೇಡ, ಅದರಲ್ಲೇ ಇರುತ್ತದೆ. ಎರಡೂ ಕಡೆ ಕೆಂಪಾದ ಮೇಲೆ ಎರಡು ಚಮಚದಿಂದ ಬದಿಗಳನ್ನು ಒಳಕ್ಕೆ ತಳ್ಳಿ ಪದರ ಬಿಡಿಸಿ. ಮೊಟ್ಟೆ ತಿನ್ನುವವರು ಕಾವಲಿಯ ಮೇಲೆ ಮೊಟ್ಟೆ ಹರಡಿ, ಅದರ ಮೇಲೆ ಪರೋಟ ಒತ್ತಿ ತಿರುವಿ ಹಾಕಿ. ಮೇಲೆ ಗಟ್ಟಿ ಸೋಯಾ ಸಾಸ್ ಸವರಿ. ಮಾಮೂಲಿ ನೀರಾದ ಸೋಯಾ ಸಾಸ್ ಹಾಕಿದರೆ ಉಪ್ಪಾಗುತ್ತದೆ, ಪದರವೂ ಮೆತ್ತಗಾಗುತ್ತದೆ.

ಲೂ ರೋ ಫಾನ್ ಮನೆಯಲ್ಲಿ ಮಾಡುವುದಾದರೆ ಚರ್ಮ ಸಮೇತ ಹೊಟ್ಟೆಯ ಮಾಂಸ ತಗೊಂಡು, ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಕಡಲೆಬೀಜದ ಗಾತ್ರಕ್ಕೆ ಹೆಚ್ಚಿ. ಕೊಬ್ಬು ಬಿಡುವವರೆಗೆ ಹುರಿದು, ಸೋಯಾ ಸಾಸ್, ಅಕ್ಕಿ ವೈನ್, ಕಲ್ಲುಸಕ್ಕರೆ, ಒಂದು ಚಕ್ರಮೊಗ್ಗು, ಮುಳುಗುವಷ್ಟು ನೀರು ಹಾಕಿ. ಬೇಯಿಸಿ ಸಿಪ್ಪೆ ತೆಗೆದ ಮೊಟ್ಟೆಯನ್ನೂ ಅದರಲ್ಲೇ ಬಿಡಿ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಆಗಬೇಕು. ಕರಿದ ಈರುಳ್ಳಿಯನ್ನು ಶುರುವಿಗೆ ಅರ್ಧ, ಕೊನೆಯ ಇಪ್ಪತ್ತು ನಿಮಿಷಕ್ಕೆ ಅರ್ಧ ಹಾಕಿ. ಎಲ್ಲವನ್ನೂ ಮೊದಲೇ ಹಾಕಿದರೆ ಘಮ ಹೋಗಿಬಿಡುತ್ತದೆ. ಅನ್ನಕ್ಕೆ ಸೋನಾ ಮಸೂರಿ ಹೊಂದುವುದಿಲ್ಲ, ಸೂಶಿಗೆ ಬಳಸುವ ಗುಂಡಕ್ಕಿ ತನ್ನಿ.